ಡೀಯರ್‌ಬಾರ್ನ್‌ನ ಮತದಾರರಿಗೆ ಡೆಮಾಕ್ರಟರು ಬೇಡವಾದದ್ದು ಯಾಕೆ?

ಅಮೆರಿಕದ ಮಿಷಿಗನ್ ರಾಜ್ಯದ ಡೀಯರ್‌ಬಾರ್ನ್ ಅಂಥ ದೊಡ್ಡ ಪಟ್ಟಣವೇನಲ್ಲ. ಜನಸಂಖ್ಯೆ ಸುಮಾರು 1 ಲಕ್ಷದ 10 ಸಾವಿರ. ಫೋರ್ಡ್ ಕಾರು ಕಂಪೆನಿಯ ಕೇಂದ್ರ ಕಚೇರಿ ಇರುವ ಊರು. ಕಾರ್ಖಾನೆಯ ಕೆಲಸ ಹುಡುಕಿಕೊಂಡು ಲೆಬನಾನ್‌ನಿಂದ ಬಂದವರು, ಅವರ ಹಿಂದೆ ಯೆಮನ್, ಇರಾಕ್, ಫೆಲೆಸ್ತೀನ್‌ನಿಂದ ಬಂದವರು ಇಲ್ಲಿ ನೆಲೆಯೂರಿದ್ದಾರೆ. ಇಂದು ಊರಿನ ಅರ್ಧಕ್ಕಿಂತ ಹೆಚ್ಚು ಮಂದಿ ಅರಬ್ ಮೂಲದವರು.

2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಈ ಊರಿನ ಹೆಚ್ಚುಕಡಿಮೆ 10ರಲ್ಲಿ 7 ಮತ ಜೋ ಬೈಡನ್‌ಗೆ ಬಿದ್ದಿತ್ತು. ನಾಲ್ಕೇ ವರ್ಷದಲ್ಲಿ ಲೆಕ್ಕ ತಲೆಕೆಳಗಾಯಿತು. 2024ರ ನವೆಂಬರ್ 5ರಂದು ಇಲ್ಲಿ ಡೊನಾಲ್ಡ್ ಟ್ರಂಪ್‌ಗೆ ಸುಮಾರು ಶೇ. 42, ಡೆಮಾಕ್ರಟಿಕ್ ಪಕ್ಷದ ಕಮಲಾ ಹ್ಯಾರಿಸ್‌ಗೆ ಶೇ. 36, ಗ್ರೀನ್ ಪಕ್ಷದ ಜಿಲ್ ಸ್ಟೈನ್‌ಗೆ ಶೇ. 18. ಮುಸ್ಲಿಮರು ಅಮೆರಿಕಕ್ಕೆ ಬರುವುದನ್ನೇ ತಡೆಯಬೇಕೆಂದು 2015ರಲ್ಲಿ ಬಹಿರಂಗವಾಗಿ ಹೇಳಿದ್ದ ಮನುಷ್ಯನೇ ಮುಸ್ಲಿಮರ ಊರಿನಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಹೇಗೆ ಮಾರಾಯ್ರೆ? ಫಲಿತಾಂಶ ಬಂದ ದಿನ ನಮ್ಮಲ್ಲಿ ಅನೇಕರು ಕೇಳಿದ ಪ್ರಶ್ನೆ ಇದು. ಉತ್ತರ ಸಿಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಹಳೆಯ ಲೆಕ್ಕ

ಅಮೆರಿಕದ ಮುಸ್ಲಿಮರು ಮೊದಲಿನಿಂದಲೂ ಡೆಮಾಕ್ರಟರ ಜೊತೆಗೇ ಇದ್ದವರಲ್ಲ. 2000ದಲ್ಲಿ ಅಲ್ಲಿನ ಪ್ರಮುಖ ಮುಸ್ಲಿಂ ಸಂಘಟನೆಗಳು ಒಟ್ಟಾಗಿ ಬೆಂಬಲ ಘೋಷಿಸಿದ್ದು ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್‌ಗೆ. ವಲಸಿಗರ ವಿರುದ್ಧ ಗುಪ್ತ ಸಾಕ್ಷ್ಯ ಬಳಸುವುದನ್ನು ಬುಷ್ ಟಿ.ವಿ. ಚರ್ಚೆಯಲ್ಲೇ ಟೀಕಿಸಿದ್ದರು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಬಂದ ಪೇಟ್ರಿಯಟ್ ಕಾಯ್ದೆ, ಮಸೀದಿಗಳ ಮೇಲಿನ ನಿಗಾ, ಇರಾಕ್ ಯುದ್ಧ ಎಲ್ಲವೂ ಸೇರಿ ಸಮುದಾಯವನ್ನು ಡೆಮಾಕ್ರಟರ ಬಾಗಿಲಿಗೆ ತಳ್ಳಿದವು.

ಆದರೆ ಆ ಬಾಗಿಲಿನ ಒಳಗೆ ಎಂತ ಇತ್ತು? ಪೇಟ್ರಿಯಟ್ ಕಾಯ್ದೆಗೆ ಸೆನೆಟ್‌ನಲ್ಲಿ ವಿರೋಧವಾಗಿ ಬಿದ್ದದ್ದು ಒಂದೇ ಮತ, ರಸ್ ಫೈನ್‌ಗೋಲ್ಡ್ ಅವರದ್ದು. 2002ರಲ್ಲಿ ಇರಾಕ್ ಯುದ್ಧಕ್ಕೆ ಅನುಮತಿ ಕೊಟ್ಟವರಲ್ಲಿ ಹಿಲರಿ ಕ್ಲಿಂಟನ್, ಜಾನ್ ಕೆರಿ, ಜೋ ಬೈಡನ್ ಮೂವರೂ ಇದ್ದರು. ಮುಂದೆ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಗಳಾದದ್ದೂ ಇವರೇ.

2008ರಲ್ಲಿ ಬರಾಕ್ ಒಬಾಮಾ ಗೆದ್ದಾಗ ದೊಡ್ಡ ಆಸೆ ಹುಟ್ಟಿತು. 2009ರ ಜೂನ್‌ನಲ್ಲಿ ಕೈರೋದಲ್ಲಿ ಅವರು ಸಲಾಂ ಹೇಳಿ ಮಾಡಿದ ಭಾಷಣ ನಮ್ಮ ಮನೆಗಳಲ್ಲೂ ಮಾತಾಯಿತು. ಗ್ವಾಂಟನಾಮೊ ಜೈಲನ್ನು ಒಂದು ವರ್ಷದೊಳಗೆ ಮುಚ್ಚುವ ಆದೇಶಕ್ಕೆ ಅಧಿಕಾರ ಹಿಡಿದ ವಾರದಲ್ಲೇ ಸಹಿ ಹಾಕಿದರು. ಎಂಟು ವರ್ಷ ಆಳಿ ಇಳಿಯುವಾಗಲೂ ಜೈಲು ತೆರೆದೇ ಇತ್ತು. ಪಾಕಿಸ್ತಾನ, ಯೆಮನ್‌ಗಳ ಮೇಲೆ ಡ್ರೋನ್ ದಾಳಿ ಬುಷ್ ಕಾಲಕ್ಕಿಂತ ಹೆಚ್ಚಾಯಿತು. ಯೆಮನ್‌ನಲ್ಲಿ ಸಂಬಂಧಿಕರಿರುವ ಮಿಷಿಗನ್‌ನ ಕುಟುಂಬಗಳಿಗೆ ಇದು ಬರೀ ವಿದೇಶಾಂಗ ನೀತಿಯ ವಿಷಯವಾಗಿರಲಿಲ್ಲ.

ಹೊಟ್ಟೆಪಾಡಿನ ಸಿಟ್ಟು

ಮುಸ್ಲಿಮರ ಬೇಸರ ಒಂದೇ ಆಗಿದ್ದರೆ ಪಕ್ಷ ಅದನ್ನು ಬದಿಗಿಡಬಹುದಿತ್ತು. ಆದರೆ ಅದೇ ಪಕ್ಷದ ಪ್ರಗತಿಪರರಿಗೆ, ಅಂದರೆ ಕಾರ್ಮಿಕರು, ವಿದ್ಯಾರ್ಥಿಗಳು, ಬಾಡಿಗೆ ಮನೆಯವರ ಪರ ನಿಲ್ಲುವವರಿಗೆ ಬೇರೆಯದೇ ತಕರಾರು ಉಂಟು. ಮೆಕ್ಸಿಕೊ, ಕೆನಡಾಗಳ ಜೊತೆ ಮುಕ್ತ ವ್ಯಾಪಾರದ ಒಪ್ಪಂದ ಜಾರಿಗೆ ಬಂದದ್ದು 1994ರಲ್ಲಿ, ಡೆಮಾಕ್ರಟ್ ಬಿಲ್ ಕ್ಲಿಂಟನ್ ಕಾಲದಲ್ಲಿ. ಮಿಷಿಗನ್‌ನ ಕಾರ್ಖಾನೆಗಳಿಗೆ ಬೀಗ ಬಿದ್ದದ್ದಕ್ಕೆ ಅಲ್ಲಿನ ಕಾರ್ಮಿಕರು ಇಂದಿಗೂ ಆ ಒಪ್ಪಂದವನ್ನೇ ಬೈಯುತ್ತಾರೆ. 2016ರ ಪಕ್ಷದೊಳಗಿನ ಚುನಾವಣೆಯಲ್ಲಿ ಈ ರಾಜ್ಯ ಹಿಲರಿಯನ್ನು ಬಿಟ್ಟು ಬರ್ನಿ ಸ್ಯಾಂಡರ್ಸ್‌ರನ್ನು ಆರಿಸಿತು. ಪಕ್ಷದ ರಾಷ್ಟ್ರೀಯ ಸಮಿತಿಯವರು ಸ್ಯಾಂಡರ್ಸ್ ವಿರುದ್ಧ ಮಾತಾಡಿಕೊಂಡ ಇಮೇಲ್‌ಗಳು ಆ ಜುಲೈಯಲ್ಲಿ ಬಯಲಾಗಿ ಸಮಿತಿಯ ಅಧ್ಯಕ್ಷೆ ರಾಜೀನಾಮೆ ಕೊಡಬೇಕಾಯಿತು.

ಇನ್ನೊಂದು ಉದಾಹರಣೆ ನೋಡಿ. ಅಮೆರಿಕದ ರಾಷ್ಟ್ರೀಯ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್‌ನಲ್ಲೇ ನಿಂತಿದೆ. ಅದನ್ನು 15 ಡಾಲರ್ ಮಾಡುವ ಪ್ರಸ್ತಾಪ 2021ರ ಮಾರ್ಚ್‌ನಲ್ಲಿ ಸೆನೆಟ್‌ಗೆ ಬಂತು. ಅಧ್ಯಕ್ಷರೂ ಡೆಮಾಕ್ರಟರೇ, ಸಂಸತ್ತಿನ ಎರಡೂ ಸದನಗಳಲ್ಲಿ ಅವರದೇ ಹಿಡಿತ. ಆದರೂ ಆ ಬಣದ 8 ಸೆನೆಟರುಗಳೇ ವಿರೋಧ ಪಕ್ಷದ ಜೊತೆ ಕೈ ಎತ್ತಿ ಅದನ್ನು ಬೀಳಿಸಿದರು. ಮತ ಕೇಳುವಾಗ ಒಂದು ಮಾತು, ಮತ ಹಾಕುವಾಗ ಇನ್ನೊಂದು. ಬೇಸರ ಹೀಗೆ ಪದರ ಪದರವಾಗಿ ಕೂತದ್ದು.

ಗಾಝಾ, ಮತ್ತೆ ಒಂದು ಲಕ್ಷ ಮತ

2023ರ ಅಕ್ಟೋಬರ್ ನಂತರ ಗಾಝಾದ ಮೇಲೆ ಬಾಂಬುಗಳು ಬೀಳತೊಡಗಿದಾಗ ಬೈಡನ್ ಸರಕಾರ ಇಸ್ರೇಲ್‌ಗೆ ಶಸ್ತ್ರಾಸ್ತ್ರ ಕಳಿಸುತ್ತಲೇ ಹೋಯಿತು. ಅಮೆರಿಕದ ಸಂಸತ್ತಿನಲ್ಲಿರುವ ಏಕೈಕ ಫೆಲೆಸ್ತೀನ್ ಮೂಲದ ಸದಸ್ಯೆ, ಡೀಯರ್‌ಬಾರ್ನ್‌ನ ಪ್ರತಿನಿಧಿ ರಶೀದಾ ತ್ಲೈಬ್ ಇದನ್ನು ಪ್ರಶ್ನಿಸಿದರು. ನವೆಂಬರ್‌ನಲ್ಲಿ ಸದನ ಅವರ ವಿರುದ್ಧವೇ ಖಂಡನಾ ನಿರ್ಣಯ ಅಂಗೀಕರಿಸಿತು. ಅದರ ಪರ ಮತ ಹಾಕಿದವರಲ್ಲಿ ಅವರದೇ ಪಕ್ಷದ 22 ಮಂದಿ ಇದ್ದರು.

2024ರ ಜನವರಿಯಲ್ಲಿ ಬೈಡನ್ ಅವರ ಪ್ರಚಾರ ಮುಖ್ಯಸ್ಥೆ ಮಾತುಕತೆಗೆ ಬಂದಾಗ ಡೀಯರ್‌ಬಾರ್ನ್ ಮೇಯರ್ ಅಬ್ದುಲ್ಲಾ ಹಮ್ಮೂದ್ ಭೇಟಿಗೆ ಒಪ್ಪಲಿಲ್ಲ. ಸಂಬಂಧಿಕರು ಸಾಯುತ್ತಿರುವಾಗ ಚುನಾವಣೆಯ ಮಾತು ಬೇಡ, ನೀತಿ ಬದಲಿಸುವ ಅಧಿಕಾರ ಇರುವವರು ಬರಲಿ ಎಂಬುದು ಅವರ ನಿಲುವು. ಫೆಬ್ರವರಿ 27ರ ಪಕ್ಷದೊಳಗಿನ ಚುನಾವಣೆಯಲ್ಲಿ ಮತಪತ್ರದಲ್ಲಿ ‘ಅನ್‌ಕಮಿಟೆಡ್’ ಎಂಬ ಕಾಲಂ ಇತ್ತು. ಹೆಚ್ಚುಕಡಿಮೆ ನಮ್ಮ ನೋಟಾದ ಹಾಗೆ. ಚಳವಳಿಯವರು ಇಟ್ಟುಕೊಂಡ ಗುರಿ 10 ಸಾವಿರ ಮತ. ಬಿದ್ದದ್ದು 1 ಲಕ್ಷಕ್ಕೂ ಹೆಚ್ಚು. ಅಲ್ಲಿಂದ ಬೇರೆ ರಾಜ್ಯಗಳಿಗೂ ಹಬ್ಬಿ ಒಟ್ಟು ಸುಮಾರು 7 ಲಕ್ಷ ಆಯಿತು. ಅವರು ಕೇಳಿದ್ದು ಎರಡೇ: ಯುದ್ಧ ನಿಲ್ಲಿಸಿ, ಶಸ್ತ್ರ ಕಳಿಸುವುದು ನಿಲ್ಲಿಸಿ.

ಬೈಡನ್ ಹಿಂದೆ ಸರಿದು ಹ್ಯಾರಿಸ್ ಬಂದಾಗ ಮತ್ತೆ ಒಂದು ಆಸೆ. ಆಗಸ್ಟ್‌ನಲ್ಲಿ ಷಿಕಾಗೋದಲ್ಲಿ ಪಕ್ಷದ ರಾಷ್ಟ್ರೀಯ ಸಮಾವೇಶ. ಹಮಾಸ್ ಒತ್ತೆಯಲ್ಲಿದ್ದ ಯುವಕನೊಬ್ಬನ ತಂದೆ-ತಾಯಿಗೆ ವೇದಿಕೆ ಸಿಕ್ಕಿತು. ಚಳವಳಿಯ ಪ್ರತಿನಿಧಿಗಳು ಅದನ್ನು ಸ್ವಾಗತಿಸಿದರು. ಹಾಗೆಯೇ ಒಬ್ಬ ಫೆಲೆಸ್ತೀನ್ ಮೂಲದ ಅಮೆರಿಕನ್ನರಿಗೂ ಕೆಲವು ನಿಮಿಷ ಕೊಡಿ ಅಂತ ಕೇಳಿದರು. ಜಾರ್ಜಿಯಾದ ಶಾಸಕಿ ರುವಾ ರೊಮ್ಮಾನ್ ಬರೆದಿಟ್ಟುಕೊಂಡಿದ್ದ ಭಾಷಣದಲ್ಲಿ ಹ್ಯಾರಿಸ್‌ರನ್ನು ಗೆಲ್ಲಿಸುವ ಕರೆಯೂ ಇತ್ತು. ಆದರೂ ಅನುಮತಿ ಸಿಗಲಿಲ್ಲ. ಪ್ರತಿನಿಧಿಗಳು ಸಭಾಂಗಣದ ಹೊರಗೆ ರಸ್ತೆ ಬದಿಯಲ್ಲೇ ರಾತ್ರಿ ಕಳೆದರು.

ಹ್ಯಾರಿಸ್ ಅಕ್ಟೋಬರ್‌ನಲ್ಲಿ ಇದೇ ಮಿಷಿಗನ್‌ಗೆ ಕರೆದುಕೊಂಡು ಬಂದದ್ದು ರಿಪಬ್ಲಿಕನ್ ನಾಯಕಿ ಲಿಝ್ ಚೆನಿಯವರನ್ನು. ಇರಾಕ್ ಯುದ್ಧದ ಸೂತ್ರಧಾರರಲ್ಲಿ ಒಬ್ಬರಾದ ಡಿಕ್ ಚೆನಿಯ ಮಗಳು. ಇರಾಕ್‌ನಿಂದ ಮನೆಮಠ ಬಿಟ್ಟು ಬಂದವರು ವಾಸಿಸುವ ರಾಜ್ಯದಲ್ಲಿ! ಇತ್ತ ಟ್ರಂಪ್ ಮತದಾನಕ್ಕೆ ನಾಲ್ಕು ದಿನ ಇರುವಾಗ ಡೀಯರ್‌ಬಾರ್ನ್‌ನ ಒಂದು ಹೋಟೆಲಿಗೇ ಬಂದು ಕೈ ಕುಲುಕಿ ಹೋದರು.

ತಪ್ಪು ಯಾರದು?

ಪ್ರತಿಭಟನೆಯ ಮತವೇ ಟ್ರಂಪ್‌ರನ್ನು ತಂದದ್ದು ಅಂತ ಡೆಮಾಕ್ರಟರಲ್ಲಿ ಅನೇಕರು ದೂರುತ್ತಾರೆ. ಮಿಷಿಗನ್‌ನಲ್ಲಿ ಟ್ರಂಪ್ ಗೆದ್ದ ಅಂತರ ಸುಮಾರು 80 ಸಾವಿರ. ಅಲ್ಲಿ ಈ ಮತಗಳ ತೂಕ ಇತ್ತು, ನಿಜ. ಆದರೆ ಹ್ಯಾರಿಸ್ ಸೋತದ್ದು ಏಳೂ ನಿರ್ಣಾಯಕ ರಾಜ್ಯಗಳಲ್ಲಿ. ಎಲ್ಲ ಕಡೆಯೂ ಗಾಝಾ ಒಂದೇ ಕಾರಣ ಅಲ್ಲ. ಕಾರ್ಮಿಕರನ್ನು ಪಕ್ಷ ಕೈಬಿಟ್ಟಿತು, ಅದಕ್ಕೇ ಕಾರ್ಮಿಕರು ಪಕ್ಷವನ್ನು ಕೈಬಿಟ್ಟರು ಎಂದು ಸ್ಯಾಂಡರ್ಸ್ ಮರುದಿನವೇ ಹೇಳಿದರು. ಇನ್ನೊಂದು ಸಂಗತಿ: ಅದೇ ದಿನ ಅದೇ ಡೀಯರ್‌ಬಾರ್ನ್ ಡೆಮಾಕ್ರಟಿಕ್ ಪಕ್ಷದ ತ್ಲೈಬ್‌ರಿಗೆ ಬಹುಮತ ಕೊಟ್ಟಿತು. ಜನ ಪಕ್ಷದ ಚಿಹ್ನೆ ನೋಡಲಿಲ್ಲ, ಮನುಷ್ಯರನ್ನು ನೋಡಿದರು.

ಆದರೆ ಸಿಟ್ಟಿನ ಮತಕ್ಕೂ ಬೆಲೆ ತೆರಬೇಕಾಯಿತು ಎಂಬುದನ್ನು ನಾವು ಮರೆಯಬಾರದು. 2025ರ ಫೆಬ್ರವರಿಯಲ್ಲಿ ಟ್ರಂಪ್ ಗಾಝಾವನ್ನು ಅಮೆರಿಕವೇ ವಶಕ್ಕೆ ತೆಗೆದುಕೊಳ್ಳುತ್ತದೆ, ಅಲ್ಲಿನ ಜನ ಬೇರೆ ಕಡೆ ಹೋಗಲಿ ಎಂದರು. ಜೂನ್‌ನಲ್ಲಿ 12 ದೇಶಗಳ ಜನರಿಗೆ ಪ್ರವೇಶ ನಿಷೇಧಿಸಿದರು. ಆ ಪಟ್ಟಿಯಲ್ಲಿ ಯೆಮನ್ ಕೂಡ ಇತ್ತು. ‘ಅನ್‌ಕಮಿಟೆಡ್’ ಮುಂದಾಳುಗಳು ಹ್ಯಾರಿಸ್‌ಗೆ ಬೆಂಬಲ ಕೊಡದಿದ್ದರೂ ಟ್ರಂಪ್ ಗೆಲ್ಲಬಾರದು ಅಂತ ಮೊದಲೇ ಎಚ್ಚರಿಸಿದ್ದರು. ಬಿಸಿಯಲ್ಲಿ ಆ ಮಾತು ಎಲ್ಲರ ಕಿವಿಗೆ ಬೀಳಲಿಲ್ಲ.

ಒಳಗಿನಿಂದಲೇ ಜಗಳ

ಮೂರನೆಯ ದಾರಿ ಕಂಡದ್ದು ನ್ಯೂಯಾರ್ಕ್‌ನಲ್ಲಿ. 2025ರ ಜೂನ್ 24ರಂದು ಝೊಹ್ರಾನ್ ಮಮ್ದಾನಿ ಪಕ್ಷದೊಳಗಿನ ಚುನಾವಣೆಯಲ್ಲಿ ಮಾಜಿ ಗವರ್ನರ್ ಆಂಡ್ರ್ಯೂ ಕ್ಯುಮೊರನ್ನು ಸೋಲಿಸಿದರು. ಅವರ ಮಾತೆಲ್ಲ ಮನೆ ಬಾಡಿಗೆ, ಬಸ್ಸು, ಮಕ್ಕಳ ಆರೈಕೆಯ ಖರ್ಚಿನ ಬಗ್ಗೆ. ಗಾಝಾ ಬಗ್ಗೆ ಮಾತನ್ನೂ ಬದಲಿಸಲಿಲ್ಲ. ಪಕ್ಷದ ಅಧಿಕೃತ ಅಭ್ಯರ್ಥಿಯಾದರೂ ಸೆನೆಟ್‌ನ ಡೆಮಾಕ್ರಟಿಕ್ ನಾಯಕ, ನ್ಯೂಯಾರ್ಕ್‌ನವರೇ ಆದ ಚಕ್ ಶುಮರ್ ಕೊನೆಯ ತನಕ ಬೆಂಬಲ ಘೋಷಿಸಲಿಲ್ಲ. ಕೆಳಮನೆಯ ನಾಯಕ ಹಕೀಂ ಜೆಫ್ರೀಸ್ ಬಾಯಿ ಬಿಟ್ಟದ್ದು ಮುಂಗಡ ಮತದಾನದ ಹಿಂದಿನ ದಿನ. ನವೆಂಬರ್ 4ರಂದು ಮಮ್ದಾನಿ 10 ಲಕ್ಷಕ್ಕೂ ಹೆಚ್ಚು ಮತ ಪಡೆದು ಗೆದ್ದರು. 2026ರ ಜನವರಿ 1ರಂದು ಕುರ್‌ಆನ್ ಮೇಲೆ ಕೈಯಿಟ್ಟು ಪ್ರಮಾಣ ಸ್ವೀಕರಿಸಿದರು.

ಇದು ಎಲ್ಲ ಕಡೆ ನಡೆಯುವ ಆಟವಲ್ಲ. 2024ರಲ್ಲಿ ಇದೇ ನ್ಯೂಯಾರ್ಕ್ ರಾಜ್ಯದಲ್ಲಿ ಯುದ್ಧ ವಿರೋಧಿಸಿದ ಸಂಸದ ಜಮಾಲ್ ಬೌಮನ್‌ರನ್ನು ಸೋಲಿಸಲು ಇಸ್ರೇಲ್ ಪರ ಗುಂಪೊಂದು 1.4 ಕೋಟಿ ಡಾಲರ್‌ಗೂ ಹೆಚ್ಚು ಸುರಿಯಿತು, ಸೋಲಿಸಿಯೂ ಬಿಟ್ಟಿತು.

ಈಗ ಕಣ್ಣು ಮತ್ತೆ ಮಿಷಿಗನ್ ಮೇಲೆ. ಸೆನೆಟ್ ಸ್ಥಾನಕ್ಕೆ ಡೆಮಾಕ್ರಟರ ಒಳಚುನಾವಣೆ 2026ರ ಆಗಸ್ಟ್ 4ಕ್ಕೆ. ಈಜಿಪ್ಟ್ ಮೂಲದ ಅಬ್ದುಲ್ ಅಲ್ ಸಯ್ಯದ್ ಸ್ಯಾಂಡರ್ಸ್ ಬೆಂಬಲದೊಂದಿಗೆ ಕಣಕ್ಕಿಳಿದಿದ್ದಾರೆ. ಬೇರೆ ಎಲ್ಲಿಗೆ ಹೋಗ್ತಾರೆ, ನಮಗೇ ಹಾಕ್ತಾರೆ ಎಂದು ಕೂತಿದ್ದ ಪಕ್ಷ 2024ರಿಂದ ಏನಾದರೂ ಕಲಿತಿದೆಯಾ ಎಂಬುದು ಅಂದು ಸ್ವಲ್ಪ ಗೊತ್ತಾಗಲಿದೆ.