ಹರಿಗೋಲಿನ ಕೂಲಿ ಮತ್ತು ಕಡವಿನ ಸುಂಕ: ಆನೆಗೊಂದಿಯ ಹಿನ್ನೆಲೆಯಲ್ಲಿ

ಹೊಳೆ ದಾಟಿಸಿ ಪಡೆಯುವ ಹಣವು ಊರಿನ ಆದಾಯವಾಗುವ ಪದ್ಧತಿಯನ್ನು ಅಧ್ಯಯನಕಾರರು ಸಾಮಾನ್ಯವಾಗಿ ಕರಾವಳಿಯ ಪಟ್ಟಣಗಳಲ್ಲಿ ಹುಡುಕುತ್ತಾರೆ. ಒಳನಾಡಿನಲ್ಲಿಯೂ ಅದಕ್ಕೆ ದೀರ್ಘ ಚರಿತ್ರೆಯಿದೆ. ಕೊಪ್ಪಳ ಜಿಲ್ಲೆಯ ಹಳೆಯ ನಾಲ್ಕು ತಾಲ್ಲೂಕುಗಳ ಪೈಕಿ ಯಲಬುರ್ಗಾ, ಕುಷ್ಟಗಿಗಳು ಮಳೆಯನ್ನೇ ನಂಬಿದ ಎರೆ-ಮಸಾರಿಯ ಸೀಮೆ. ಕೊಪ್ಪಳ, ಗಂಗಾವತಿಗಳ ದಕ್ಷಿಣದ ಅಂಚಿಗೆ ತುಂಗಭದ್ರೆ ಹರಿಯುವುದರಿಂದ ಅಂಬಿಗ ವೃತ್ತಿ ನೆಲೆಗೊಂಡದ್ದು ಅಲ್ಲಿಯೇ. ಆನೆಗೊಂದಿ ಮತ್ತು ಎದುರು ದಡದ ತಳವಾರಘಟ್ಟಗಳ ನಡುವಿನ ದಾಟು ಇವುಗಳಲ್ಲಿ ಹೆಸರಾದುದು.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಈ ದಾಟನ್ನು ಕಂಡು ಬರೆದಿದ್ದಾನೆ. ಬುಟ್ಟಿಯಂತೆ ದುಂಡಗಿನ, ಹೊರಗೆ ಚರ್ಮ ಹೊದಿಸಿದ ಈ ದೋಣಿಗಳು ಹದಿನೈದು ಇಪ್ಪತ್ತು ಜನರನ್ನು ಹೊರುತ್ತಿದ್ದವು; ಹುಟ್ಟು ಹಾಕಿದಂತೆಲ್ಲ ಸುತ್ತುತ್ತ ಸಾಗುತ್ತಿದ್ದವು. ಐದು ಶತಮಾನಗಳ ಬಳಿಕವೂ ಹರಿಗೋಲಿನ ಆಕಾರ ಬದಲಾಗಿಲ್ಲ. ಬಿದಿರಿನ ಹೆಣಿಗೆಯ ಮೇಲೆ ಚರ್ಮದ ಬದಲಿಗೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ, ಅಷ್ಟೇ.

ಇಲ್ಲಿ ಎರಡು ಪಾವತಿಗಳನ್ನು ಬೇರ್ಪಡಿಸಿ ನೋಡಬೇಕು. ಅಂಬಿಗನ ಶ್ರಮಕ್ಕೆ ಸಲ್ಲುವುದು ಕೂಲಿ. ದಾಟಿನ ಮೇಲೆ ಅಧಿಕಾರವುಳ್ಳವರಿಗೆ ಸಲ್ಲುವುದು ಸುಂಕ. ಕೌಟಿಲ್ಯನ ಅರ್ಥಶಾಸ್ತ್ರದ ನಾವಧ್ಯಕ್ಷ ಪ್ರಕರಣವು ಎರಡನೆಯದರ ದರಪಟ್ಟಿಯನ್ನೇ ಕೊಡುತ್ತದೆ: ಹೊರೆಯುಳ್ಳ ಮನುಷ್ಯನಿಗೆ ಒಂದು ಮಾಷಕ, ಹಸು ಕುದುರೆಗಳಿಗೆ ಎರಡು, ಒಂಟೆ ಎಮ್ಮೆಗಳಿಗೆ ನಾಲ್ಕು, ಬಂಡಿಗೆ ಏಳು, ಮಹಾನದಿಗಳಲ್ಲಿ ಇಮ್ಮಡಿ. ದರಕ್ಕಿಂತ ವಿನಾಯಿತಿಯ ಪಟ್ಟಿಯೇ ಹೆಚ್ಚು ಅರ್ಥಪೂರ್ಣವೆನ್ನಬೇಕು. ಬ್ರಾಹ್ಮಣರು, ಸನ್ಯಾಸಿಗಳು, ಬಾಲಕರು, ವೃದ್ಧರು, ರೋಗಿಗಳು, ರಾಜಶಾಸನ ಒಯ್ಯುವವರು, ಗರ್ಭಿಣಿಯರು ಮುದ್ರೆಯೊಂದಿಗೆ ಉಚಿತವಾಗಿ ದಾಟಬಹುದಿತ್ತು. ದಾಟನ್ನು ಕೇವಲ ಬೊಕ್ಕಸದ ಬಾಬತ್ತೆಂದು ಬಗೆದಿದ್ದರೆ ಈ ಪಟ್ಟಿಗೆ ಎಡೆಯಿರುತ್ತಿರಲಿಲ್ಲ.

ಕೂಲಿಯ ಕಥೆ ಬೇರೆ. ಹೊಳೆಸಾಲಿನ ಹಳ್ಳಿಗಳಲ್ಲಿ ಪರಊರಿನವನು ಕಾಸು ಕೊಟ್ಟರೆ, ನಿತ್ಯ ದಾಟುವ ಒಕ್ಕಲಿನವನು ಸುಗ್ಗಿಯಲ್ಲಿ ಕಣದ ಕಾಳು ಕೊಡುವ ರೂಢಿಯಿತ್ತು. “ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ” ಎಂಬ ಗಾದೆ ಹುಟ್ಟಿರುವುದು ಮತ್ತೆ ಸಿಗದ ದಾರಿಹೋಕನ ಅನುಭವದಿಂದಲೇ ಹೊರತು ವರ್ಷದ ಆಯ ಅಳೆಯುವ ರೈತನಿಂದಲ್ಲ.

ಬ್ರಿಟಿಷ್ ಆಡಳಿತದಲ್ಲಿ ಸುಂಕ ಸ್ಥಳೀಯ ನಿಧಿಯ ಕಡೆಗೆ ತಿರುಗಿತು. ದಕ್ಷಿಣ ಕನ್ನಡ, ಬಳ್ಳಾರಿಗಳನ್ನೊಳಗೊಂಡ ಮದ್ರಾಸ್ ಪ್ರಾಂತದಲ್ಲಿ 1890ರ ಕಾಲುವೆ ಮತ್ತು ಸಾರ್ವಜನಿಕ ಕಡವುಗಳ ಕಾಯಿದೆ ಬಂದಿತು. ಕಡವನ್ನು ಗುತ್ತಿಗೆ ಹಿಡಿದವನು ವಸೂಲಿಯ ಹಕ್ಕು ಪಡೆಯುತ್ತಿದ್ದನು. ಇಂಥ ಗುತ್ತಿಗೆಯಲ್ಲಿ ಹುಟ್ಟು ಹಾಕುವವನೂ ಹಣ ಎಣಿಸುವವನೂ ಒಬ್ಬನೇ ಆಗಬೇಕಿರಲಿಲ್ಲ. ಜಾತಿವೃತ್ತಿಯಾಗಿದ್ದ ಅಂಬಿಗತನಕ್ಕೆ ಇದು ದೊಡ್ಡ ಪಲ್ಲಟ. ಆನೆಗೊಂದಿಯ ಸ್ಥಿತಿ ಇನ್ನೂ ತೊಡಕಿನದು. ದಕ್ಷಿಣ ದಡ ಮದ್ರಾಸಿನದು, ಉತ್ತರ ದಡ ನಿಜಾಮನ ಸೀಮೆ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿ, 1956ರಲ್ಲಿ ರಾಯಚೂರು ಜಿಲ್ಲೆಯೂ ಬಂದ ಮೇಲೆಯೇ ಎರಡು ದಡಗಳು ಒಂದೇ ರಾಜ್ಯದವಾದವು.

ಸಂವಿಧಾನದ ಹನ್ನೊಂದನೆಯ ಅನುಸೂಚಿ ರಸ್ತೆ, ಸೇತುವೆಗಳ ಸಾಲಿನಲ್ಲಿಯೇ ಕಡವುಗಳನ್ನೂ ಪಂಚಾಯತಿಗಳಿಗೆ ವಹಿಸಬಹುದಾದ ವಿಷಯವೆಂದು ಹೆಸರಿಸಿದೆ. ಆದರೆ ಸೇತುವೆ ಎದ್ದಲ್ಲಿ ಕಡವು ಮುಳುಗುತ್ತದೆ. ಕಾರವಾರದಲ್ಲಿ ಕಾಳಿ ಸೇತುವೆ ಆದ ಮೇಲೆ ಸದಾಶಿವಗಡದ ದಾಟು ಹಿಂದೆ ಸರಿಯಿತು. ಸಿಗಂದೂರಿನ ಶರಾವತಿ ಹಿನ್ನೀರಿಗೆ 2025ರ ಜುಲೈಯಲ್ಲಿ ಸೇತುವೆ ಬಂದಿತು. ಆನೆಗೊಂದಿಯಲ್ಲಿ ಇದು ಸರಳವಾಗಿ ನಡೆಯಲಿಲ್ಲ. ಸೇತುವೆ ಕಾಮಗಾರಿಯ ಕಾರಣ ಹಂಪಿ 1999ರಲ್ಲಿ ಅಪಾಯದಲ್ಲಿರುವ ವಿಶ್ವ ಪರಂಪರೆಯ ಪಟ್ಟಿಗೆ ಸೇರಿ 2006ರಲ್ಲಿ ಹೊರಬಂದಿತು. ನಿರ್ಮಾಣ ಹಂತದಲ್ಲಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿಯಿತು. ಬಳಿಕ ಕಡೆಬಾಗಿಲು–ಬುಕ್ಕಸಾಗರಗಳ ನಡುವೆ ಸೇತುವೆಯಾಗಿ ವಾಹನಗಳು ಆ ದಾರಿ ಹಿಡಿದವು.

ಪರಂಪರೆಯ ಸಂರಕ್ಷಣೆಯ ಚರ್ಚೆಯಲ್ಲಿ ಕಲ್ಲಿಗೆ ಸಿಕ್ಕ ಸ್ಥಾನ ಹರಿಗೋಲಿಗೆ ಸಿಗಲಿಲ್ಲ. ಪ್ರವಾಸಿಗನಿಂದ ಅಂಬಿಗ ಇಂದು ಪಡೆಯುವುದು ದಾಟಿನ ಕೂಲಿಯಲ್ಲ, ವಿಹಾರದ ಬಾಡಿಗೆ. ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟ ದಿನಗಳಲ್ಲಿ ಅದೂ ನಿಲ್ಲುತ್ತದೆ. ಕಣದ ಕಾಳು ಅಳೆಯುತ್ತಿದ್ದ ಒಕ್ಕಲುಗಳು ಈಗ ಬಸ್ಸಿನಲ್ಲಿ ಹೋಗುತ್ತವೆ.