ಪದರ ಜೋಡಿಸುವ ರಸಾಯನವಿದ್ಯೆ

ಪ್ರಯೋಗಶಾಲೆಯಲ್ಲಿ ಲವಣ ವಿಶ್ಲೇಷಣೆ ಮಾಡಿದವರಿಗೆ ಈ ನೋಟ ಹೊಸದಲ್ಲ. ಬಿಸ್ಮತ್ ಲವಣವನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಆ ತಿಳಿ ದ್ರಾವಣವನ್ನು ಹೆಚ್ಚು ನೀರಿಗೆ ಸುರಿದರೆ ನೀರು ಬೆಳ್ಳಗೆ ಕದಡುತ್ತದೆ. ಆ ಬಿಳುಪೇ ಬಿಸ್ಮತ್ ಆಕ್ಸಿಕ್ಲೋರೈಡ್. ಉಗುರುಬಣ್ಣಕ್ಕೆ ಮುತ್ತಿನ ಹೊಳಪು ಕೊಡುವುದೂ ಇದೇ. ಇದರ ಕಣಗಳು ತೆಳ್ಳನೆಯ ಬಿಲ್ಲೆಗಳು. ಹಾಗಾಗಿ ಆ ಹೊಳಪು. ಬಿಲ್ಲೆಗಳಾಗುವುದಕ್ಕೆ ಕಾರಣ ಒಳಗಿನ ರಚನೆ.

ಇದರ ಹರಳಿನೊಳಗೆ ಪ್ರತಿ ಬಿಸ್ಮತ್ ಪರಮಾಣುವಿನ ಒಂದು ಬದಿಗೆ ನಾಲ್ಕು ಆಕ್ಸಿಜನ್, ಇನ್ನೊಂದು ಬದಿಗೆ ನಾಲ್ಕು ಕ್ಲೋರಿನ್. ಬಿಸ್ಮತ್ ಮತ್ತು ಆಕ್ಸಿಜನ್ ಬಿಗಿಯಾಗಿ ಹೆಣೆದುಕೊಂಡು ಒಂದು ಹಾಳೆಯಾಗುತ್ತವೆ. ಅದರ ಮೇಲೂ ಕೆಳಗೂ ಕ್ಲೋರಿನ್ ಕೂರುತ್ತದೆ. ಮುಂದಿನ ಹಾಳೆಯೂ ತನ್ನ ಕ್ಲೋರಿನ್ ಮುಖವನ್ನೇ ಇತ್ತ ತೋರುವುದರಿಂದ ಎರಡು ಹಾಳೆಗಳ ನಡುವಿನ ಹಿಡಿತ ದುರ್ಬಲ. ಸಾಟಿ ಸವರಿದ ಚಿರೋಟಿಯ ಎಳೆಗಳು ಬಿಡಿಸಿಕೊಳ್ಳುವಂತೆ ಇದೂ ಪದರಪದರವಾಗಿ ಬಿಡುತ್ತದೆ.

ಕ್ಲೋರಿನ್ ಜಾಗದಲ್ಲಿ ಅದೇ ಹ್ಯಾಲೋಜನ್ ಗುಂಪಿನ ಬ್ರೋಮಿನ್ ಅಥವಾ ಅಯೋಡಿನ್ ಕೂರಿಸಿ ನೋಡಿ. ಕ್ಷ-ಕಿರಣದಿಂದ ಅಳೆದಾಗ ಹರಳಿನ ಪುನರಾವರ್ತಿಸುವ ಘಟಕದ ಎತ್ತರ 7.37 ಆಂಗ್‌ಸ್ಟ್ರಾಮ್‌ನಿಂದ ಸುಮಾರು 8.1ಕ್ಕೆ, ಅಲ್ಲಿಂದ ಸುಮಾರು 9.15ಕ್ಕೆ ಏರುತ್ತದೆ. ಅಗಲ ಮಾತ್ರ 3.9ರಿಂದ 4ರೊಳಗೇ ಉಳಿಯುತ್ತದೆ. ದಪ್ಪ ಪರಮಾಣು ಬಂದಾಗ ಎತ್ತರ ಹೊಂದಿಕೊಳ್ಳುತ್ತದೆ. ಬಿಸ್ಮತ್-ಆಕ್ಸಿಜನ್ ಹಾಳೆ ಹೆಚ್ಚು ಹಿಗ್ಗುವುದಿಲ್ಲ. ಬಣ್ಣವೂ ಬದಲಾಗುತ್ತದೆ: ಕ್ಲೋರೈಡ್ ಬಿಳಿ, ಬ್ರೋಮೈಡ್ ತಿಳಿಹಳದಿ, ಅಯೋಡೈಡ್ ಇಟ್ಟಿಗೆಗೆಂಪು.

ಈ ಹಾಳೆಯನ್ನು ಬೇರೆ ಪದರಗಳೊಡನೆ ಪೇರಿಸಬಹುದು ಎಂಬ ಅರಿವು ಸ್ವೀಡನ್ನಿನಲ್ಲಿ ಬೆಳೆಯಿತು. 1940ರ ಆಸುಪಾಸಿನಲ್ಲಿ ಲಾರ್ಸ್ ಗುನ್ನಾರ್ ಸಿಲೆನ್ ಬಿಸ್ಮತ್ ಆಕ್ಸಿಹ್ಯಾಲೈಡ್‌ಗಳ ರಚನೆಗಳನ್ನು ಬಿಡಿಸಿದರು. 1949ರಲ್ಲಿ ಬೆಂಗ್ಟ್ ಆರಿವಿಲಿಯಸ್ ಇದೇ ಹಾಳೆ ಪೆರೋವ್‌ಸ್ಕೈಟ್ ಎಂಬ ಇನ್ನೊಂದು ಬಗೆಯ ಲೋಹ-ಆಕ್ಸಿಜನ್ ಹೆಣಿಗೆಯ ಪದರದೊಡನೆಯೂ ಹೊಂದುವುದನ್ನು ತೋರಿಸಿದರು. ಎರಡೂ ಕುಟುಂಬಗಳನ್ನು ಒಂದೇ ಹರಳಿನಲ್ಲಿ ಸೇರಿಸಿದ ಸಂಯುಕ್ತಗಳಿಗೆ ಇಂದು ಸಿಲೆನ್–ಆರಿವಿಲಿಯಸ್ ಎಂದೇ ಹೆಸರು.

ಪೇರಿಸಲು ಮುಖ್ಯವಾದ ನಿಯಮಗಳು ಎರಡು. ಪದರಗಳ ಅಗಲ ಹೊಂದಬೇಕು. ಆವೇಶಗಳ ಮೊತ್ತ ಸೊನ್ನೆಯಾಗಬೇಕು. ನಾಲ್ಕು ಬಿಸ್ಮತ್, ಒಂದು ನಿಯೋಬಿಯಂ, ಎಂಟು ಆಕ್ಸಿಜನ್, ಒಂದು ಕ್ಲೋರಿನ್ ಇರುವ ಸಂಯುಕ್ತವನ್ನು ತೆಗೆದುಕೊಳ್ಳಿ. ಅದರಲ್ಲಿ ಎರಡು ಬಿಸ್ಮತ್-ಆಕ್ಸಿಜನ್ ಹಾಳೆಗಳಿವೆ. ತಲಾ +2ರಂತೆ ಒಟ್ಟು +4. ಕ್ಲೋರಿನ್ ಪದರ –1. ನಿಯೋಬಿಯಂ +5, ಅದರ ಜೊತೆಗಿರುವ ನಾಲ್ಕು ಆಕ್ಸಿಜನ್ –8. ಇದೇ ಪೆರೋವ್‌ಸ್ಕೈಟ್ ಪದರ, ಅದರ ಮೊತ್ತ –3. ಲೆಕ್ಕ ಚುಕ್ತಾ. ಪೆರೋವ್‌ಸ್ಕೈಟ್ ಪದರದ ಅಗಲವೂ 3.9ರ ಆಸುಪಾಸಿನದೇ ಆದ್ದರಿಂದ ಜೋಡಣೆ ಕೂಡಿಬರುತ್ತದೆ.

ಇದನ್ನು ಮಾಡುವ ವಿಧಾನ ಕೇಳಲು ಸರಳ. ಬಿಸ್ಮತ್ ಆಕ್ಸಿಕ್ಲೋರೈಡ್ ಎರಡು ಪಾಲು, ಬಿಸ್ಮತ್ ಆಕ್ಸೈಡ್ ಮೂರು ಪಾಲು, ನಿಯೋಬಿಯಂ ಆಕ್ಸೈಡ್ ಒಂದು ಪಾಲು ಸೇರಿಸಿ ನುಣ್ಣಗೆ ಅರೆದು, ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಬೇಕು. ಪಾಲುಗಳೆಲ್ಲ ಅಣುಗಳ ಎಣಿಕೆಯಲ್ಲಿ, ತೂಕದಲ್ಲಲ್ಲ. ತೆರೆದ ಮೂಸೆಯಲ್ಲಿಟ್ಟರೆ ಅಷ್ಟು ಬಿಸಿಗೆ ಕ್ಲೋರೈಡ್ ಆವಿಯಾಗಿ ಹಾರಿಹೋಗಿ ಲೆಕ್ಕ ತಪ್ಪುತ್ತದೆ. ಅದಕ್ಕೇ ಗಾಳಿ ತೆಗೆದ ಸಿಲಿಕಾ ನಳಿಕೆಯಲ್ಲಿ ಮುದ್ರೆ ಮಾಡಿ ಕುಲುಮೆಗೆ ಇಡುತ್ತಾರೆ.

ಇಷ್ಟೆಲ್ಲ ಶ್ರಮ ಯಾಕೆ? ಬೆಳಕು ಬಿದ್ದಾಗ ಇಂಥ ವಸ್ತುಗಳಲ್ಲಿ ಒಂದು ಎಲೆಕ್ಟ್ರಾನ್ ಮೇಲಕ್ಕೆ ಜಿಗಿದು, ಹಿಂದೆ ಒಂದು ಖಾಲಿ ಜಾಗ ಬಿಡುತ್ತದೆ. ಆ ಖಾಲಿ ಜಾಗ ನೀರಿನಿಂದ ಎಲೆಕ್ಟ್ರಾನ್ ಕಿತ್ತುಕೊಂಡರೆ ಆಕ್ಸಿಜನ್ ಬಿಡುಗಡೆಯಾಗುತ್ತದೆ. ಆದರೆ ಸಾಧಾರಣ ಆಕ್ಸಿಹ್ಯಾಲೈಡ್‌ಗಳಲ್ಲಿ ಅದು ಸುಲಭವಾಗಿ ಸಿಗುವ ಹ್ಯಾಲೋಜನ್‌ಗೇ ಕೈಹಾಕುತ್ತದೆ; ವಸ್ತು ತನ್ನನ್ನು ತಾನೇ ಹಾಳುಮಾಡಿಕೊಳ್ಳುತ್ತದೆ. 2016ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ರ‍್ಯೂ ಅಬೆ, ಹಿರೋಶಿ ಕಗೆಯಾಮ ಅವರ ತಂಡ, ಈ ನಿಯೋಬಿಯಂ ಸಂಯುಕ್ತ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಕೆಡದೆ ಕೆಲಸ ಮಾಡುವುದನ್ನು ತೋರಿಸಿತು. ಇದರಲ್ಲಿ ಅತಿ ಮೇಲಿನ ಮಟ್ಟದ ಎಲೆಕ್ಟ್ರಾನುಗಳು ಕ್ಲೋರಿನ್ನಿಗಿಂತ ಮುಖ್ಯವಾಗಿ ಆಕ್ಸಿಜನ್ನಿಗೆ ಸೇರಿದವು, ಕ್ಲೋರಿನ್ ಸುರಕ್ಷಿತ.

ಇದೇ ವಿದ್ಯೆ ಶಾಖ ತಡೆಯುವುದಕ್ಕೂ ಒದಗಿದೆ. 2021ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದ ತಂಡವೊಂದು ಬಿಸ್ಮತ್-ಆಕ್ಸಿಜನ್ ಹಾಳೆಗಳ ನಡುವೆ ಒಮ್ಮೆ ಸೆಲೆನಿಯಂ, ಒಮ್ಮೆ ಕ್ಲೋರಿನ್ ಜೋಡಿ ಬರುವಂತೆ ಹರಳು ಕಟ್ಟಿತು. ಶಾಖ ಸಾಗುವುದು ಪರಮಾಣುಗಳ ಕಂಪನದಿಂದ. ಉದ್ದಕ್ಕೆ ಸಾಗುವ ಕಂಪನವನ್ನು ಕ್ಲೋರಿನ್ ಗಡಿ ತಡೆದರೆ, ಅಡ್ಡ ಕಂಪನವನ್ನು ಸೆಲೆನಿಯಂ ಗಡಿ ತಡೆಯುತ್ತದೆ. ಪದರಗಳಿಗೆ ಅಡ್ಡಲಾಗಿ ಅಳೆದ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಬರೀ 0.1 ವ್ಯಾಟ್, ಗಾಳಿಯದರ ನಾಲ್ಕು ಪಟ್ಟಿನೊಳಗೆ. ಘನ ಹರಳೊಂದಕ್ಕೆ ಇದು ಅಚ್ಚರಿಯ ಅಂಕಿ.

ಪದರಕ್ಕೆ ತೆರಬೇಕಾದ ಬೆಲೆಯೂ ಇದೆ. ಹಾಳೆಯೊಳಗೆ ಸಲೀಸಾಗಿ ಓಡುವ ಎಲೆಕ್ಟ್ರಾನಿಗೂ ಹಾಳೆ ದಾಟುವುದು ಕಷ್ಟ. ಆದ್ದರಿಂದ ಬೆಳಕಿನ ಕೆಲಸಕ್ಕೆ ಕರಗಿದ ಲವಣದಲ್ಲಿ ತೆಳುಬಿಲ್ಲೆಗಳನ್ನು ಬೆಳೆಸುತ್ತಾರೆ. ಶಾಖ ತಡೆಯುವವರಿಗೆ ಅದೇ ಅಡ್ಡಿ ಬೇಕು. ಯಾವ ಪದರದ ಮೇಲೆ ಯಾವುದು, ಯಾವ ದಿಕ್ಕಿಗೆ ದಾರಿ ಬಿಡಬೇಕು ಎಂದು ಮೊದಲೇ ಲೆಕ್ಕ ಹಾಕಿ ಕುಲುಮೆಗೆ ಇಡುವುದರಲ್ಲಿದೆ ಈ ಕಸುಬಿನ ಜಾಣ್ಮೆ.