ಕೆಆರ್‌ಎಸ್ ನೀರು ಬಿಟ್ಟಾಗ ಯಾರ ಫೋನ್ ಕೂಗಬೇಕು?

2023ರ ಅಕ್ಟೋಬರ್ 12ರಂದು ರಾಜ್ಯದ ಎಷ್ಟೋ ಮೊಬೈಲ್‌ಗಳು ಒಟ್ಟಿಗೇ ಕಿರುಚಿದ್ದು ನೆನಪಿದೆಯಾ? ಅದು ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ. ಎಸ್‌ಎಂಎಸ್ ಒಂದೊಂದೇ ನಂಬರ್‌ಗೆ ಹೋಗುತ್ತೆ, ನೆಟ್‌ವರ್ಕ್ ಬ್ಯುಸಿಯಾದ್ರೆ ತಡ. ಇದಕ್ಕೆ ನಂಬರ್ ಪಟ್ಟಿಯೇ ಬೇಡ. ಟವರ್ ವ್ಯಾಪ್ತಿಯಲ್ಲಿರೋ, ಈ ಸೌಲಭ್ಯವಿರೋ ಫೋನ್‌ಗಳಿಗೆಲ್ಲ ಒಮ್ಮೆಗೇ ಬರುತ್ತೆ.

ಕೆಆರ್‌ಎಸ್ 124.80 ಅಡಿ ತುಂಬಿ ನೀರು ಬಿಟ್ಟಾಗ ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿರೋ ಪ್ರವಾಸಿಗೂ ಗೊತ್ತಾಗಬೇಕಲ್ವಾ? ಅವರ ನಂಬರ್ ಯಾರ ಹತ್ರ ಇರುತ್ತೆ! ಹೇಮಾವತಿ ಉಕ್ಕಿದರೆ ಕೆ.ಆರ್.ಪೇಟೆಯ ನದಿದಂಡೆಗಷ್ಟೇ ಕಳಿಸಬಹುದು. ನಾಗಮಂಗಲ, ಪಾಂಡವಪುರ ಟೌನ್‌ನವರ ನಿದ್ದೆ ಕೆಡಿಸಬೇಕಿಲ್ಲ.

ಅವತ್ತು ಗಾಬರಿಯಾಗಿ ಅಲರ್ಟ್ ಆಫ್ ಮಾಡಿದ್ರಾ? ಸೆಟ್ಟಿಂಗ್ಸ್‌ನಲ್ಲಿ ‘ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್’ ಹುಡುಕಿ, ಆನ್ ಮಾಡಿ. ಅಜ್ಜಿಯ ಹಳೇ ಕೀಪ್ಯಾಡ್ ಫೋನ್‌ಗೆ ಇದು ಬರದೇ ಇರಬಹುದು. ಅವರಿಗೆ ನೀವೇ ಕೂಗಿ ಹೇಳಿ.